ಪೈಪಿನ ಆ ಕೊನೆ

ಬೀದಿಯಲ್ಲಿ ಎಲ್ಲರೂ ನನ್ನ ಸೋದರತ್ತೆಯನ್ನು ‘ಆ ಕೊನೆ ಅಕ್ಕ’ ಎಂದೇ ಕರೆಯುತ್ತಾರೆ. ಇದಕ್ಕೆ ಪೂರ್ತಿ ಹೊಣೆ ಮಾವನದು. ಅವರದೊಂದು ವೆಲ್ಡಿಂಗ್ ಅಂಗಡಿ. ಉದ್ದನೆಯ ಪೈಪು ಬಂತೆಂದರೆ ಅದರ ಒಂದು ತುದಿ ಬೆಂಚಿನ ಮೇಲೆ ಮಲಗುತ್ತದೆ, ಇನ್ನೊಂದು ಗಾಳಿಯಲ್ಲಿ ತೂಗುತ್ತದೆ. ಆಗ ಮಾವ ತಲೆ ಎತ್ತದೆ ಕೂಗುತ್ತಾರೆ: “ಆ ಕೊನೆ!” ಅತ್ತೆ ಎಲ್ಲಿದ್ದರೂ ಬಂದು ಆ ತುದಿಯನ್ನು ಹಿಡಿಯುತ್ತಾಳೆ. ದಿನವಿಡೀ ಕೇಳಿಸುವ ಈ ಕೂಗು ಬೀದಿಯವರ ಕಿವಿಯಲ್ಲಿ ಕೂತು ಕೂತು ಕೊನೆಗೆ ಅವಳ ಹೆಸರೇ ಆಗಿಬಿಟ್ಟಿತು.

ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋದಳಂತೆ. ಆವತ್ತು ಕೆಲಸದವನು ಬಂದಿರಲಿಲ್ಲ. “ಸ್ವಲ್ಪ ಹಿಡ್ಕೋ” ಅಂದರಂತೆ ಮಾವ.

“ಆ ಸ್ವಲ್ಪ ಇನ್ನೂ ಮುಗಿದಿಲ್ಲ ನೋಡು” ಎಂದು ಅತ್ತೆ ಈಗಲೂ ನಗುತ್ತಾಳೆ.

ಕೆಲಸದವನು ಮತ್ತೆ ಬರಲೇ ಇಲ್ಲ. ಅವನಿಗೆ ಬೇರೆ ಕಡೆ ಒಳ್ಳೆ ಕೆಲಸ ಸಿಕ್ಕಿತು ಎಂದು ಮಾವ ಹೇಳುತ್ತಾರೆ. ಇವರ ಬಾಯಿಗೆ ಹೆದರಿ ಓಡಿಹೋದ ಎಂದು ಅತ್ತೆ ಹೇಳುತ್ತಾಳೆ.

ಕಾಲೇಜಿಗೆಂದು ನಾನು ಅವರ ಮನೆಯಲ್ಲೇ ಇದ್ದೇನೆ. ಸಂಜೆ ಬಸ್ಸಿಳಿದು ಮೊದಲು ಅಂಗಡಿಗೆ ಹೋಗುವುದು ನನ್ನ ರೂಢಿ. ಬಾಗಿಲ ಹತ್ತಿರ ಅತ್ತೆ ನಿಂತಿರುತ್ತಾಳೆ. ಕೈಗೆ ದಪ್ಪ ಚರ್ಮದ ಗವಸು, ಗವಸಿನಲ್ಲಿ ಪೈಪು. ಮುಖ ಮಾತ್ರ ಬೀದಿಯ ಕಡೆಗೆ. ವೆಲ್ಡಿಂಗಿನ ಬೆಳಕನ್ನು ಬರಿಗಣ್ಣಿಂದ ನೋಡುವ ಹಾಗಿಲ್ಲವಲ್ಲ. ಮಾವ ಒಮ್ಮೆ ಅವಳಿಗೂ ಒಂದು ಮುಖವಾಡ ತಂದುಕೊಟ್ಟಿದ್ದರು. “ಇದರೊಳಗೆ ಉಸಿರು ಕಟ್ಟುತ್ತೆ. ಮೇಲಾಗಿ ಬೀದಿ ಕಾಣಲ್ಲ” ಎಂದು ಅವಳು ಅದನ್ನು ಮೊಳೆಗೆ ತಗುಲಿಹಾಕಿದಳು. ಅದು ಅಲ್ಲೇ ತೂಗುತ್ತಾ ಯಾರ‍್ಯಾರದೋ ಮನೆ ಕೀಲಿಕೈಗಳನ್ನು ಇಡುವ ಬುಟ್ಟಿಯಾಗಿದೆ. “ಅಕ್ಕಾ, ನಮ್ಮನೆಯವರು ಬಂದ್ರೆ ಕೊಟ್ಬಿಡಿ” ಎಂದು ಹೇಳಿ ಜನ ಕೀಲಿಯನ್ನು ಮುಖವಾಡದೊಳಗೆ ಹಾಕಿ ಹೋಗುತ್ತಾರೆ.

ಹಾಗಾಗಿ ಇಷ್ಟೂ ವರ್ಷ ಗಂಡ ಹೆಂಡತಿ ಇಬ್ಬರೂ ಒಂದೇ ಪೈಪು ಹಿಡಿದು ಬೇರೆ ಬೇರೆ ದಿಕ್ಕಿಗೆ ನೋಡಿಕೊಂಡಿದ್ದರು. ಅವರಿಗೆ ಬೆಂಕಿ, ಇವಳಿಗೆ ಬೀದಿ. ಔಷಧಿ ಅಂಗಡಿಯ ಹುಡುಗಿ ಹೊಸ ಚಪ್ಪಲಿ ಹಾಕಿದ್ದು, ಅಂಚೆಯವನ ಹೆಬ್ಬೆರಳಿಗೆ ಪಟ್ಟಿ ಬಿದ್ದದ್ದು, ಎದುರಿನ ಕ್ಷೌರದಂಗಡಿಯವನು ಗಿರಾಕಿ ಇಲ್ಲದಾಗ ತನ್ನ ಮೀಸೆಯನ್ನೇ ಕತ್ತರಿಸಿ ಕತ್ತರಿಸಿ ಸಣ್ಣ ಮಾಡಿಕೊಳ್ಳುವುದು, ಎಲ್ಲ ಅವಳಿಗೆ ಗೊತ್ತು. ಅವಳಿಗೆ ಬೀದಿಯ ಚಪಲ ಎಂದು ಕೆಲವರು ಅಂದುಕೊಂಡಿದ್ದಾರೆ. ಪಾಪ, ಅವಳು ಬೇರೆಲ್ಲಿ ನೋಡಬೇಕಿತ್ತು?

ಅಂಗಡಿಯ ನೆಲಕ್ಕೂ ಒಂದು ಚಾಳಿ ಇದೆ. ಮೊದಲು ಅಲ್ಲಿ ಗಾಡಿ ತೊಳೆಯುತ್ತಿದ್ದರಂತೆ. ನೀರು ಚರಂಡಿಗೆ ಹರಿಯಲಿ ಎಂದು ನೆಲವನ್ನು ಹಿಂದಿನ ಗೋಡೆಯಿಂದ ಬಾಗಿಲವರೆಗೆ ಇಳಿಜಾರು ಮಾಡಿದ್ದಾರೆ. ಮಾವನ ಕೈಯಿಂದ ಜಾರಿದ ನಟ್ಟು ಬೆಂಚಿನ ಕೆಳಗೆ ಬೀಳುತ್ತದೆ, ಒಂದು ಕ್ಷಣ ಯೋಚಿಸುತ್ತದೆ, ಆಮೇಲೆ ಉರುಳಿಕೊಂಡು ಬಾಗಿಲಿಗೆ ಬರುತ್ತದೆ. ಅತ್ತೆ ಬೀದಿ ನೋಡುತ್ತಲೇ ಚಪ್ಪಲಿ ಕಾಲನ್ನು ಅದರ ಮೇಲಿಡುತ್ತಾಳೆ. ಇದುವರೆಗೆ ಒಂದು ನಟ್ಟೂ ಚರಂಡಿಗೆ ಹೋಗಿಲ್ಲವಂತೆ.

ಒಂದು ಬೆಳಿಗ್ಗೆ ಅವಳು ಬಾಚಣಿಗೆ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. “ಏ ಪುಟ್ಟಿ, ಇವತ್ತು ನೀನೇ ಜಡೆ ಹಾಕೇ. ಕೈ ಮೇಲೆ ಏಳ್ತಾ ಇಲ್ಲ.”

ಅವಳ ಕೂದಲು ಇನ್ನೂ ಎಷ್ಟು ದಟ್ಟವಾಗಿದೆ ಎಂದು ನನಗೆ ತಿಳಿದದ್ದು ಆವತ್ತು. ಜಡೆ ಹೆಣೆಯುತ್ತಾ ಬಲಗೈ ಎತ್ತಲು ಹೇಳಿದೆ. ಅದು ಭುಜದ ಮಟ್ಟಕ್ಕೂ ಬರಲಿಲ್ಲ. ಅವಳು ತುಟಿ ಕಚ್ಚಿಕೊಂಡಳು.

ಮಾವನೂ ನಾನೂ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಭುಜ ಒತ್ತಿ ನೋಡಿ ಕೇಳಿದರು, “ಭಾರ ಏನಾದ್ರೂ ಎತ್ತುತ್ತೀರಾ?”

“ಇಲ್ಲಪ್ಪ. ಹಿಡ್ಕೊತೀನಿ ಅಷ್ಟೆ.”

“ಏನು ಹಿಡ್ಕೊತೀರಿ?”

“ಪೈಪು.”

“ಎಷ್ಟು ಹೊತ್ತು?”

ಅತ್ತೆ ಮಾವನ ಮುಖ ನೋಡಿದಳು. ಮಾವ ಗೋಡೆಯ ಮೇಲಿದ್ದ ಎಲುಬಿನ ಚಿತ್ರವನ್ನು ನೋಡಿದರು. ಡಾಕ್ಟರಮ್ಮನಿಗೆ ಉತ್ತರ ಸಿಕ್ಕಿತೆಂದು ಕಾಣುತ್ತದೆ. ಇನ್ನು ಮೇಲೆ ಆ ಕೈಯಲ್ಲಿ ತುಂಬಿದ ಬಿಂದಿಗೆಯನ್ನೂ ಎತ್ತಬಾರದು ಎಂದರು.

ಮನೆಗೆ ಬಂದು ಚಪ್ಪಲಿ ಬಿಡುವಾಗ ಮಾವ ಹೇಳಿದರು, “ಸ್ಟ್ಯಾಂಡ್ ಮಾಡ್ತೀನಿ. ನೀನು ಇನ್ನು ಆ ಕೊನೆ ಹಿಡಿಯೋದು ಬೇಡ.”

“ಅಂಗಡೀಲಿ ಸ್ಟ್ಯಾಂಡ್ ನಿಲ್ಲುತ್ತೆ, ಸರಿ. ನಾನೆಲ್ಲಿ ನಿಲ್ಲಲಿ?”

“ನೀನು ಮನೇಲಿ ಆರಾಮಾಗಿರು.”

‘ಆರಾಮ’ ಎಂಬ ಮಾತು ಕೇಳಿ ಅತ್ತೆ ಆಸ್ಪತ್ರೆಯ ಚೀಟಿಯನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದಳು.

ಮಾವನಿಗೆ ಆಗ ಕೈತುಂಬ ಕೆಲಸ. ಹಾಸ್ಟೆಲೊಂದರ ಮಹಡಿಗೆ ನೀರೇರಿಸುವ ಕಬ್ಬಿಣದ ಪೈಪುಗಳನ್ನು ಜೋಡಿಸಿಕೊಡಬೇಕಿತ್ತು. ಮುಷ್ಟಿ ಗಾತ್ರದ ಪೈಪುಗಳು. ಎರಡನ್ನು ಮೂತಿಗೆ ಮೂತಿ ಇಟ್ಟು, ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ಆಮೇಲೆ ಸುತ್ತಲೂ ಒಂದೇ ಗೆರೆಯಲ್ಲಿ ಬೆಸೆಯುವುದು. ಆ ಕೆಲಸ ಒಪ್ಪಿಸಿದವನು ಒಬ್ಬ ಪ್ಲಂಬರ್. ಮಾವನ ಬೆಸುಗೆ ಸೋರುವುದಿಲ್ಲ ಎಂದು ಎಲ್ಲ ಕಡೆ ಹೇಳಿಕೊಂಡು ತಿರುಗುವವನು ಅವನೇ.

ಹಳೆ ಕಬ್ಬಿಣ ಹುಡುಕಿ ಮಾವ ಮೊದಲ ಸ್ಟ್ಯಾಂಡುಗಳನ್ನು ಒಂದೇ ಬೆಳಗಿನಲ್ಲಿ ಮಾಡಿ ಮುಗಿಸಿದರು. ಒಂದೊಂದಕ್ಕೂ ನಾಲ್ಕು ಕಾಲು. ಆ ನೆಲದ ಮೇಲೆ ಯಾವಾಗಲೂ ಮೂರು ಕಾಲು ಊರುತ್ತಿದ್ದವು, ನಾಲ್ಕನೆಯದು ಗಾಳಿಯಲ್ಲಿರುತ್ತಿತ್ತು. ಮಾವ ರಟ್ಟು ಮಡಚಿ ಅದರ ಕೆಳಗಿಟ್ಟರು. ಕ್ಷೌರದಂಗಡಿಯವನು ಬಾಗಿಲಲ್ಲಿ ನಿಂತು, “ಅಣ್ಣಾ, ಹೋಟೆಲ್ ಮೇಜು ಮಾಡಿದ್ದೀರಾ?” ಎಂದ. ಮಾವ ಸಿಟ್ಟಿನಿಂದ ಒಂದೊಂದು ಕಾಲು ಕತ್ತರಿಸಿ ಎಸೆದರು. ಉಳಿದ ಮೂರನ್ನು ಅಗಲಿಸಿ ಬೆಸೆದರು. ಅಲುಗಾಟ ನಿಂತಿತು.

ಇನ್ನುಳಿದದ್ದು ಇಳಿಜಾರು. ಅದಕ್ಕೆ ಮಾವ ಒಂದು ಉಪಾಯ ಹೂಡಿದರು. ಬೆಂಚಿನ ಹತ್ತಿರದ್ದು ಗಿಡ್ಡ, ನಡುವಿನದು ಮಧ್ಯಮ, ಬಾಗಿಲಿನದು ಎತ್ತರ. ಮಟ್ಟ ತೋರಿಸುವ ರಸಮಟ್ಟ ಇಟ್ಟು ನೋಡಿದರೆ ಪೈಪು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಎಲ್ಲ ಸ್ಟ್ಯಾಂಡಿಗೂ ಅದರದರ ಜಾಗ ಗೊತ್ತು ಮಾಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು.

ಮಾರನೆಯ ಬೆಳಿಗ್ಗೆ ಅತ್ತೆ ಅಂಗಡಿ ಗುಡಿಸಲು ಹೋದಳು. ಗುಡಿಸುವುದಕ್ಕೆ ಎಡಗೈ ಸಾಕು, ಡಾಕ್ಟರಮ್ಮ ಪೊರಕೆಯ ಸುದ್ದಿ ಎತ್ತಿಲ್ಲ ಎಂಬುದು ಅವಳ ವಾದ. ಸ್ಟ್ಯಾಂಡುಗಳನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿದಳು, ಚೆನ್ನಾಗಿ ಗುಡಿಸಿದಳು, ಮತ್ತೆ ಕಾಲಲ್ಲೇ ತಳ್ಳಿ ನಿಲ್ಲಿಸಿದಳು. ಗಿಡ್ಡದ್ದು ನಡುವಿಗೆ ಬಂತು, ನಡುವಿನದು ಬೆಂಚಿನ ಹತ್ತಿರ ಹೋಯಿತು. ಸೀಮೆಸುಣ್ಣದ ಗುರುತೂ ಗುಡಿಸಿಹೋಗಿತ್ತು. ಮಾವನಿಗೆ ಅನುಮಾನ ಬರಲಿಲ್ಲ. ಪೈಪು ಇಟ್ಟರು, ಬೆಸೆದರು. ಬೆಸೆದಾದ ಮೇಲೆ ನೋಡಿದರೆ ಪೈಪು ಮೊಣಕೈ ಮಡಚಿದ ಹಾಗೆ ಬಾಗಿತ್ತು.

“ಬೇಕೂಂತಲೇ ಮಾಡಿದೆಯಾ?”

“ಗುಡಿಸೋದು ಅಂದ್ರೆ ಎಲ್ಲಾ ಗುಡಿಸೋದು. ನಿಮ್ಮ ಚಿತ್ತಾರ ಬಿಟ್ಟು ಗುಡಿಸೋಕೆ ನನಗೆ ಬರಲ್ಲ.”

“ನಾಳೆಯಿಂದ ಗುಡಿಸೋಕೂ ಬರಬೇಡ.”

ಅತ್ತೆ ಪೊರಕೆಯನ್ನು ಮೂಲೆಗೆ ಒರಗಿಸಿ ಮನೆಗೆ ಬಂದಳು. ಅವಳು ಬೇಕೆಂದೇ ಮಾಡಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆದರೆ ಮಾವ ಸುಮ್ಮನಿರುವ ಕುಳ ಅಲ್ಲ. ಎಲ್ಲಿಟ್ಟರೂ ಹೊಂದಿಕೊಳ್ಳುವ ಸ್ಟ್ಯಾಂಡು ಬೇಕು ಎಂದು ಹಟ ಹಿಡಿದರು. ಹಳೆ ಸ್ಟ್ಯಾಂಡುಗಳ ಕತ್ತು ಕತ್ತರಿಸಿದರು. ದಪ್ಪ ಪೈಪಿನೊಳಗೆ ಸಣ್ಣ ಪೈಪು ಇಳಿಬಿಟ್ಟರು. ದಪ್ಪ ಪೈಪಿನ ಪಕ್ಕಕ್ಕೊಂದು ತೂತು ಕೊರೆದು, ತೂತಿನ ಮೇಲೆ ನಟ್ಟು ಬೆಸೆದು, ಅದಕ್ಕೆ ಬೋಲ್ಟು ತಿರುಗಿಸಿದರು. ಬೋಲ್ಟಿನ ತಲೆಗೆ ಅಡ್ಡಕ್ಕೆ ಒಂದು ಕಡ್ಡಿ ಬೆಸೆದದ್ದರಿಂದ ಪಾನಾ ಹುಡುಕುವ ಗೋಜಿಲ್ಲ, ಬೆರಳಿನಲ್ಲೇ ಬಿಗಿಯಬಹುದು. ಸಡಿಲಿಸಿದರೆ ಒಳಗಿನ ಪೈಪು ಮೇಲೆ ಕೆಳಗೆ ಓಡಾಡುತ್ತದೆ, ಬಿಗಿದರೆ ಅಲ್ಲೇ ನಿಲ್ಲುತ್ತದೆ. ಪೈಪು ಕೂರಲು ತಲೆಯ ಮೇಲೊಂದು ಕವೆ.

ನಾನು ಸಂಜೆ ಹೋದಾಗ ಅವರು ಒಂದು ಸ್ಟ್ಯಾಂಡನ್ನು ಏರಿಸುತ್ತ ಇಳಿಸುತ್ತ ನಿಂತಿದ್ದರು. ಮುಖದಲ್ಲಿ ಹೊಸ ಸೈಕಲ್ ಸಿಕ್ಕವರ ಸಂತೋಷ.

“ಹೇಗಿದೆ?”

“ಚೆನ್ನಾಗಿದೆ ಮಾವ.”

“ನಿಮ್ಮತ್ತೆಗೆ ಹೇಳು. ಇದು ಕೈ ನೋಯುತ್ತೆ ಅನ್ನಲ್ಲ, ಕಾಫಿಗೆ ಹೋಗಲ್ಲ, ಬೀದೀಲಿ ಹೋಗೋರನ್ನ ನಿಲ್ಲಿಸಿ ಮಾತಾಡಿಸಲ್ಲ.”

ಅಷ್ಟು ಹೇಳಿ ಮುಖವಾಡ ಇಳಿಸಿಕೊಂಡರು, ಬೆಂಚಿಗೆ ಬಗ್ಗಿದರು, ಬೆಸುಗೆಯ ರಾಡ್ ಎತ್ತಿದರು. “ಆ ಕೊನೆ!” ಎಂದು ಕೂಗಿದರು.

ಬಾಗಿಲಲ್ಲಿ ಯಾರೂ ಇರಲಿಲ್ಲ. ಮೂರು ಕಾಲಿನ ಸ್ಟ್ಯಾಂಡು ಕವೆ ಬಿಚ್ಚಿಕೊಂಡು ನಿಂತಿತ್ತು.

“ಅದು ಉತ್ತರಾನೂ ಕೊಡಲ್ಲ ಅಣ್ಣಾ” ಎಂದು ಎದುರಿನಿಂದ ಕ್ಷೌರದಂಗಡಿಯವನು ಕೂಗಿದ.

ಮನೆಯಲ್ಲಿ ಅತ್ತೆ ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆದಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆದಿದ್ದಳು. ನಮ್ಮ ಮನೆಯ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಆ ಗೋಡೆಯಲ್ಲಿ ನೋಡಲು ಇರುವುದು ಒಂದು ಬಿರುಕು ಮಾತ್ರ. ಔಷಧಿ ಅಂಗಡಿಯ ಹುಡುಗಿಯ ಮದುವೆ ಮಾತು ಎಲ್ಲಿಗೆ ಬಂತು, ಅಂಚೆಯವನ ಬೆರಳಿನ ಪಟ್ಟಿ ಬಿಚ್ಚಿದರೋ ಇಲ್ಲವೋ ಎಂದು ನನ್ನನ್ನು ಕೇಳುತ್ತಿದ್ದಳು. ನನಗೇನು ಗೊತ್ತು? “ದಿನಾ ಆ ದಾರೀಲೇ ಬರ್ತೀಯ, ಕಣ್ಣು ಎಲ್ಲಿಟ್ಟುಕೊಂಡು ಬರ್ತೀಯೇ?” ಎಂದು ಗದರುತ್ತಿದ್ದಳು.

ಸ್ಟ್ಯಾಂಡಿನ ವಿಷಯ ಹೇಳಿದೆ.

“ನನ್ನ ಗತಿ ನೋಡು ಪುಟ್ಟಿ. ಅದು ಕೆಲಸಕ್ಕೆ ಬಂದ್ರೆ ನಾನು ಈ ಗೋಡೆ ನೋಡ್ಕೊಂಡು ಕೂರಬೇಕು. ಬರದೇ ಹೋದ್ರೆ ಅವರ ಕೆಲಸ ಕೆಡುತ್ತೆ. ಯಾವುದಾಗಲಿ ಅಂತ ಕೈ ಮುಗೀಲಿ ಹೇಳು?”

“ಒಂದು ಕೈ ಏಳೋದೇ ಇಲ್ವಲ್ಲ, ಹೇಗೆ ಮುಗೀತೀಯ?” ಎಂದೆ. ಎಡಗೈಯಲ್ಲಿ ತಲೆಗೊಂದು ಮೊಟಕಿದಳು. ನಕ್ಕಳು ಕೂಡ. ಆದರೆ ಆವತ್ತು ಅವಳು ಸರಿಯಾಗಿ ಊಟ ಮಾಡಲಿಲ್ಲ.

ಪ್ಲಂಬರ್ ಬಂದು ಮೊದಲ ಪೈಪಿಗೆ ಒಂದು ಕಡೆ ಬಿರಡೆ ಹಾಕಿ ನೀರು ತುಂಬಿಸಿದ. ಬೆಸುಗೆಯ ಗೆರೆಯಲ್ಲಿ ಒಂದು ಕಡೆ ಮುತ್ತಿನಂಥ ಹನಿ ಮೂಡಿತು. ಒರೆಸಿದ. ಮತ್ತೆ ಮೂಡಿತು. ಇನ್ನೊಂದು ಪೈಪು ತುಂಬಿಸಿದರು. ಅದರಲ್ಲೂ ಒಂದೇ ಹನಿ.

“ಮೇಸ್ತ್ರಿ, ಏನಿದು? ನಿಮ್ಮ ಕೈಯಲ್ಲಿ ಸೋರೋದು ಅಂದ್ರೆ!” ಪ್ಲಂಬರಿಗೆ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು. “ಸರಿ ಮಾಡಿಡಿ. ಮುಂದಿನ ವಾರ ಪೈಪು ಏರಿಸಲೇಬೇಕು. ಇಲ್ಲಾಂದ್ರೆ ಬೇರೆ ಕಡೆ ಕೊಡ್ತೀನಿ ನೋಡಿ, ಆಮೇಲೆ ಬೇಜಾರು ಮಾಡ್ಕೋಬೇಡಿ.”

ಮಧ್ಯಾಹ್ನ ಊಟಕ್ಕೆ ಬಂದ ಮಾವ ತಟ್ಟೆಯ ಮುಂದೆ ಕೂತು ತಮ್ಮಷ್ಟಕ್ಕೇ ಎಂಬಂತೆ ಹೇಳಿಕೊಂಡರು. ರಾಡ್ ಹಳೆಯದಲ್ಲ, ಕರೆಂಟು ಸರಿಯಾಗಿದೆ, ಪೈಪು ಸ್ವಚ್ಛವಾಗಿದೆ.

ಅತ್ತೆ ನೀರಿನ ಲೋಟ ಇಡುತ್ತಾ ಕೇಳಿದಳು, “ತಿರುಗಿಸಿದ್ದು ಯಾರು?”

“ಯಾರು ತಿರುಗಿಸ್ತಾರೆ? ನಾನೇ. ಅರ್ಧ ಸುತ್ತು ಹಾಕೋದು, ನಿಲ್ಲಿಸೋದು, ಎದ್ದು ಹೋಗಿ ಪೈಪು ತಿರುಗಿಸೋದು, ಬಂದು ಮತ್ತೆ ಹಚ್ಚೋದು.”

“ಮತ್ತೆ ಮೊದಲು?”

ಮಾವ ತುತ್ತನ್ನು ಬಾಯಿಗೆ ಒಯ್ಯುವುದನ್ನು ನಿಲ್ಲಿಸಿದರು.

ಮೊದಲು ಅವರು ಏಳುತ್ತಲೇ ಇರಲಿಲ್ಲ. ಬೆಸುಗೆ ಮುಂದೆ ಸಾಗಿದಂತೆ ಆ ಕೊನೆಯಲ್ಲಿ ಪೈಪು ತಾನಾಗಿ ತಿರುಗುತ್ತಿತ್ತು. ತಾನಾಗಿ ಅಂದರೆ ಅತ್ತೆಯ ಕೈಯಲ್ಲಿ, ಅವಳು ಯಾರ ಜೊತೆಗೋ ಮಾತಾಡುತ್ತಿರುವಾಗ. ಬೆಂಕಿಯ ಚರ್ ಸದ್ದು ಒಂದೇ ಸಮ ಇರುವಷ್ಟು ನಿಧಾನ. ಒಂದು ರಾಡಿನಲ್ಲಿ ಒಂದು ಸುತ್ತು. ಎಲ್ಲೂ ನಿಂತಿದ್ದಿಲ್ಲ, ಹಾಗಾಗಿ ಎಲ್ಲೂ ಸೋರಿದ್ದಿಲ್ಲ. ಅದನ್ನು ಕೆಲಸ ಎಂದು ಮಾವನೂ ಎಣಿಸಿರಲಿಲ್ಲ, ಅವಳೂ ಎಣಿಸಿರಲಿಲ್ಲ. ಈಗ ಹನಿ ಮೂಡುತ್ತಿದ್ದದ್ದು ಸರಿಯಾಗಿ ಅವರು ನಿಲ್ಲಿಸಿ ಎದ್ದ ಜಾಗದಲ್ಲಿ.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ “ಬಾ” ಎನ್ನುತ್ತಿದ್ದರು. ಮಾವ ಕೈ ತೊಳೆದುಕೊಂಡು, “ಸ್ಟ್ಯಾಂಡಿನ ಮೇಲೆ ಪೈಪು ಜಾರಬೇಕು. ಅಷ್ಟು ಮಾಡಿದ್ರೆ ಆಯ್ತು” ಎಂದು ಹೊರಟುಹೋದರು.

ಗುಜರಿಯಲ್ಲಿ ಅವರಿಗೆ ಲಾರಿಯ ಯಾವುದೋ ಭಾಗದಿಂದ ಬಿಚ್ಚಿದ ದಪ್ಪ ಉಕ್ಕಿನ ಗುಂಡುಗಳು ಸಿಕ್ಕವು. ಸ್ಟ್ಯಾಂಡಿನ ಕವೆಯಲ್ಲಿ ಎರಡೆರಡು ಬಟ್ಟಲು ಬೆಸೆದು, ಗ್ರೀಸು ಬಳಿದು, ಗುಂಡುಗಳನ್ನು ಕೂರಿಸಿದರು. ಬೆಂಚಿನ ಮೇಲೂ ಹಾಗೆಯೇ ಒಂದು ಜೋಡಿ.

ಆವತ್ತು ಊಟದ ಡಬ್ಬಿ ತೆಗೆದುಕೊಂಡು ಅತ್ತೆಯೇ ಹೋದಳು. ನನಗೆ ಕಾಲೇಜಿಗೆ ರಜೆ, ನಾನೂ ಹೋದೆ. ಅಂಗಡಿಯೊಳಗೆ ಕಾಲಿಡಲು ಅವಳಿಗೆ ಬಿಗುಮಾನ. ಡಬ್ಬಿಯನ್ನು ನನ್ನ ಕೈಯಲ್ಲಿ ಕಳಿಸಿ ತಾನು ಬೀದಿ ದಾಟಿ ಕ್ಷೌರದಂಗಡಿಯ ಹೊರಗಿನ ಬೆಂಚಿನ ಮೇಲೆ ಕೂತಳು. ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡಕ್ಕೆ ಸೋಪು ಹಚ್ಚಿ ಬಿಟ್ಟು ಹೊರಗೆ ಬಂದ. “ಅಕ್ಕಾ, ಎಲ್ಲಿ ಹೋಗಿದ್ರಿ? ನನ್ನ ಹತ್ರ ಹತ್ತು ಜನರ ಮನೆ ಕೀಲಿ ಇದೆ. ಯಾವುದು ಯಾರದು ಅಂತ ಗೊತ್ತಾಗ್ತಿಲ್ಲ!”

ಮಾವ ಪೈಪನ್ನು ಗುಂಡುಗಳ ಮೇಲಿಟ್ಟರು. ಒಂದು ಬೆರಳಿನಿಂದ ಮೆಲ್ಲಗೆ ತಿರುಗಿಸಿದರು. ಬೆಣ್ಣೆಯ ಹಾಗೆ ತಿರುಗಿತು. ಗೆದ್ದವರಂತೆ ಬೀದಿಯ ಕಡೆ ನೋಡಿ, ಮುಖವಾಡ ತರಲು ಗೋಡೆಯ ಹತ್ತಿರ ಹೋದರು.

ಗುಂಡು ಎಲ್ಲ ಕಡೆಗೂ ಉರುಳುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಹೊಸ ಉತ್ಸಾಹದಲ್ಲಿ ಆವತ್ತು ರಸಮಟ್ಟ ಇಡುವುದನ್ನೂ ಮರೆತಿದ್ದರು. ಬಾಗಿಲ ಕಡೆ ತುಸು ತಗ್ಗಿತ್ತು. ಪೈಪು ಅಳುಕಿದಂತೆ ಮಾಡಿ, ಸದ್ದಿಲ್ಲದೆ ಹೊರಟಿತು. ನಿಲ್ದಾಣ ಬಿಡುವ ರೈಲಿನಷ್ಟೇ ಗಂಭೀರವಾಗಿ ಬಾಗಿಲು ದಾಟಿತು. “ಮಾವ, ಪೈಪು!” ಎಂದು ನಾನು ಕಿರುಚುವಷ್ಟರಲ್ಲಿ ಅದರ ಮೂತಿ ಬೀದಿಗೆ ಇಳಿದು, ಕಿರ್ ಎಂದು ನೆಲ ಕೆರೆಯುತ್ತಾ ಅಡ್ಡಕ್ಕೆ ಹೋಗಿ, ಕ್ಷೌರದಂಗಡಿಯ ಬೆಂಚಿನ ಕಾಲಿಗೆ ತಾಗಿ ನಿಂತಿತು. ಒಬ್ಬ ಸೈಕಲ್ಲಿನವನು ಇಳಿದು, ರೈಲ್ವೆ ಗೇಟಿನಲ್ಲಿ ನಿಂತವರ ಹಾಗೆ ಕಾದ. ಅರ್ಧ ಗಡ್ಡದ ಗಿರಾಕಿ ಕುರ್ಚಿಯಿಂದೆದ್ದು ಬಂದ.

ಅತ್ತೆ ಕದಲಲಿಲ್ಲ. ಉರುಳಿಬಂದ ನಟ್ಟಿನ ಮೇಲೆ ಇಡುವ ಹಾಗೆ ಚಪ್ಪಲಿ ಕಾಲನ್ನು ಪೈಪಿನ ಮೇಲಿಟ್ಟಳು. ಮಾವ ಮುಖವಾಡವನ್ನು ಹಣೆಗೇರಿಸಿಕೊಂಡು ಓಡಿ ಬಂದರು.

“ನೋಡಿ,” ಎಂದಳು, “ನೀವು ಬೇಡ ಅಂದ್ರೂ ಅದೇ ಹುಡುಕ್ಕೊಂಡು ಬಂತು.”

ಬೀದಿಯಿಡೀ ನಕ್ಕಿತು. ಮಾವ ನಗಲಿಲ್ಲ. ಬಗ್ಗಿ ಬೆಂಚಿನ ಕಾಲು ನೋಡಿದರು, ಆಮೇಲೆ ಅವಳ ಕಾಲು ನೋಡಿದರು. “ಪೆಟ್ಟಾಯ್ತಾ?” ಎಂದು ಮೆಲ್ಲಗೆ ಕೇಳಿದರು. ಅವಳು ಇಲ್ಲ ಎಂದು ತಲೆಯಾಡಿಸಿದಳು.

ಗುಂಡು ಹೋಗಿ ಬೇರಿಂಗ್ ಬಂದವು. ಕವೆಯ ಎರಡು ಪಕ್ಕಕ್ಕೂ ಒಂದೊಂದು ಪುಟ್ಟ ಚಕ್ರ. ಇವು ಒಂದೇ ಕಡೆಗೆ ತಿರುಗುವಂಥವು, ಪೈಪು ತನ್ನ ಜಾಗದಲ್ಲೇ ಸುತ್ತುತ್ತದೆ, ಊರು ಸುತ್ತಲು ಹೋಗುವುದಿಲ್ಲ. ಭಾರ ಪೂರ್ತಿ ಸ್ಟ್ಯಾಂಡಿನದು. ಒಂದೇ ಕೊರತೆ ಎಂದರೆ ತಿರುಗಿಸಲು ಒಂದು ಬೆರಳು ಬೇಕು. ಮಾವನ ಒಂದು ಕೈಯಲ್ಲಿ ರಾಡು, ಇನ್ನೊಂದು ಕೈ ಅದರ ಆಸರೆಗೆ. ಉಳಿದದ್ದು ಕಾಲು. ಪೈಪಿಗೆ ಹಗ್ಗ ಸುತ್ತಿ, ಅದರ ತುದಿಯನ್ನು ಹೆಬ್ಬೆರಳಿಗೆ ಕಟ್ಟಿಕೊಂಡು, ಕಾಲನ್ನು ಹಿಂದಕ್ಕೆ ಎಳೆಯುತ್ತಾ ಬೆಸೆಯಲು ನೋಡಿದರು. ಅರ್ಧ ಸುತ್ತಿಗೆ ಕಾಲು ಗೋಡೆ ಮುಟ್ಟಿತು. ಅಲ್ಲಿ ನಿಂತರು. ಅಲ್ಲೇ ಹನಿ ಮೂಡಿತು.

ಆವತ್ತು ಅವರು ಮನೆಗೆ ತುಸು ತಡವಾಗಿ ಬಂದರು. ಕೈಯಲ್ಲಿ ಹೊಸ ಬಣ್ಣದ ಕಲೆ ಇತ್ತು. ಕಾಫಿ ಕುಡಿದು ಲೋಟ ಇಡುವಾಗ, ನೆಲದ ಕಡೆ ನೋಡುತ್ತಾ ಕೇಳಿದರು.

“ನಾಳೆ ಗುಡಿಸೋಕೆ ಬರ್ತೀಯಾ?”

“ಕಸ ಇದೆಯಾ?”

“ಇದೆ.”

“ತುಂಬಾ?”

“ತುಂಬಾನೇ ಇದೆ ಮಾರಾಯ್ತಿ.”

ಬೆಳಿಗ್ಗೆ ಅತ್ತೆ ನನ್ನಿಂದ ಎರಡೆರಡು ಸಲ ಜಡೆ ಹಾಕಿಸಿಕೊಂಡಳು. ಮೊದಲನೆಯದು ಓರೆಯಾಗಿದೆಯಂತೆ. ಗುಡಿಸಲು ಹೋಗುವವಳಿಗೆ ಜಡೆ ಓರೆಯಾದರೇನು ಎಂದು ಕೇಳಬೇಕೆನಿಸಿತು. ಮೊಟಕು ನೆನಪಾಗಿ ಸುಮ್ಮನಾದೆ.

ಅಂಗಡಿಯ ನೆಲ ಕನ್ನಡಿಯ ಹಾಗಿತ್ತು. ಒಂದು ಕಡ್ಡಿ ಕಸ ಇರಲಿಲ್ಲ. ಸ್ಟ್ಯಾಂಡುಗಳೆಲ್ಲ ಮಂಡಿಗಿಂತ ತುಸುವೇ ಮೇಲಿರುವಷ್ಟು ಇಳಿದಿದ್ದವು. ಬೆಂಚೂ ಇರಲಿಲ್ಲ, ಅದರ ಜಾಗದಲ್ಲಿ ಇನ್ನೊಂದು ಸ್ಟ್ಯಾಂಡು ನಿಂತಿತ್ತು. ಬಾಗಿಲ ಹತ್ತಿರ, ಆ ಕೊನೆಯಲ್ಲಿ, ಒಂದು ಕಬ್ಬಿಣದ ಕುರ್ಚಿ. ಒರಗಿಕೊಳ್ಳಲು ಬೆನ್ನು, ಬಲಗೈ ಇಟ್ಟುಕೊಳ್ಳಲು ಅಗಲವಾದ ತೋಳು. ಎಡಗಡೆ ತೋಳಿಲ್ಲ, ಪೈಪಿಗೆ ಕೈ ಚಾಚಲು ಬಿಟ್ಟ ಜಾಗ. ನೀಲಿ ಬಣ್ಣ ಬಳಿದಿದ್ದರು.

“ಇದು ಯಾರಿಗೆ?” ಅತ್ತೆ ಕೇಳಿದಳು.

“ಕಸಕ್ಕೆ.”

“ಕಸಕ್ಕೆ ಕುರ್ಚಿ?”

“ನಿಂತು ನಿಂತು ಸುಸ್ತಾಗಿದೆಯಂತೆ ಅದಕ್ಕೆ.”

ನಾನು ಆ ಕುರ್ಚಿಯನ್ನೇ ನೋಡುತ್ತಿದ್ದೆ. ಅದರ ಬೆನ್ನು ಮಾವನ ಕಡೆಗಿತ್ತು. ಮುಖ ಬೀದಿಗೆ. ಕಾಲುಗಳನ್ನು ಇಳಿಜಾರಿಗೆ ತಕ್ಕಂತೆ ಹಿಂದೆ ಗಿಡ್ಡ, ಮುಂದೆ ಉದ್ದ ಮಾಡಿ ಕತ್ತರಿಸಿದ್ದರು. ಆ ಜಾಗದಲ್ಲಿ, ಆ ದಿಕ್ಕಿಗೆ ಬಿಟ್ಟು ಬೇರೆಲ್ಲಿಟ್ಟರೂ ಅದು ಅಲುಗಾಡುತ್ತದೆ. ಪಕ್ಕದ ಮೊಳೆಯಲ್ಲಿ ಹಳೆ ಮುಖವಾಡ ಧೂಳು ಒರೆಸಿಕೊಂಡು ತೂಗುತ್ತಿತ್ತು.

ಅತ್ತೆಯೂ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂತು, ಎಡಗೈಗೆ ಗವಸು ಹಾಕಿಕೊಂಡಳು. ಪೈಪಿನ ಮೇಲೆ ಕೈಯಿಟ್ಟು ನೋಡಿದಳು.

“ಸ್ವಲ್ಪ ಇಳಿಸಿ.”

ಮಾವ ಬಂದು ಬೋಲ್ಟು ಸಡಿಲಿಸಿ ಇಳಿಸಿದರು. ಒಂದನ್ನು ಇಳಿಸಿದರೆ ಎಲ್ಲವನ್ನೂ ಇಳಿಸಬೇಕು. ಇಳಿಸುತ್ತಾ ತಮ್ಮ ಕೊನೆಯವರೆಗೆ ಹೋದರು. ರಸಮಟ್ಟ ಇಟ್ಟರು.

“ಇನ್ನೂ ಸ್ವಲ್ಪ.”

ಮತ್ತೆ ಇಳಿಸಿದರು.

“ಅಯ್ಯೋ, ಜಾಸ್ತಿ ಆಯ್ತು. ಒಂದು ನೂಲು ಏರಿಸಿ.”

ಇಷ್ಟೂ ವರ್ಷ “ಆ ಕೊನೆ ಎತ್ತು, ಆ ಕೊನೆ ಇಳಿಸು” ಎಂದು ಕೂಗಿದ್ದಕ್ಕೆಲ್ಲ ಅವಳು ಆ ಬೆಳಿಗ್ಗೆ ಲೆಕ್ಕ ಚುಕ್ತಾ ಮಾಡಿಕೊಂಡಳು. ಕೊನೆಗೆ ಅವಳ ಮೊಣಕೈ ತೊಡೆಯ ಮೇಲೆ ಊರಿ, ಬೆರಳು ಪೈಪಿನ ಮೇಲೆ ಸುಮ್ಮನೆ ಕೂತಿತು. ಆ ಎತ್ತರಕ್ಕೆ ಮಾವ ನಿಂತು ಕೆಲಸ ಮಾಡುವ ಹಾಗಿರಲಿಲ್ಲ. ಖಾಲಿ ಬಣ್ಣದ ಡಬ್ಬವೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಮಂಡಿ ಎರಡೂ ಕಿವಿಯ ಹತ್ತಿರ ಬಂದವು.

“ಆ ಕೊನೆ!” ಎಂದರು.

“ಕೂಗಬೇಡಿ, ಇಲ್ಲೇ ಇದ್ದೀನಿ” ಎಂದಳು, ಬೀದಿಗೆ ಮುಖ ಮಾಡಿ.

ಬೆಳಕು ಹತ್ತಿತು. ನಾನೂ ಮುಖ ತಿರುಗಿಸಿ ಬೀದಿ ನೋಡಿದೆ. ಔಷಧಿ ಅಂಗಡಿಯ ಹುಡುಗಿ ಕೈಬೀಸಿದಳು. ಅಂಚೆಯವನ ಬೆರಳಲ್ಲಿ ಪಟ್ಟಿ ಇರಲಿಲ್ಲ. “ಉಗುರು ಬಂತೇನಪ್ಪಾ?” ಎಂದು ಅತ್ತೆ ಕೇಳಿದಳು. ಅವನು ಹೆಬ್ಬೆರಳೆತ್ತಿ ತೋರಿಸಿದ. ನಮ್ಮ ಬೆನ್ನ ಹಿಂದೆ ಚರ್ ಸದ್ದು ಒಂದೇ ಸಮ ಇತ್ತು. ಎಲ್ಲೂ ಮುರಿಯಲಿಲ್ಲ.

ಪ್ಲಂಬರ್ ಬಂದು ನೀರು ತುಂಬಿಸಿ, ಬೆಸುಗೆಯ ಸುತ್ತ ಒಣಬಟ್ಟೆ ಎಳೆದ. ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದ. ಒಣಗೇ ಇತ್ತು. ಇನ್ನೊಂದು, ಮತ್ತೊಂದು ಪೈಪು ನೋಡಿದ. ಎಲ್ಲ ಒಣ. ಆಮೇಲೆ ಅವನ ಕಣ್ಣು ಸ್ಟ್ಯಾಂಡುಗಳ ಮೇಲೆ ಬಿತ್ತು. ಒಂದರ ಬೋಲ್ಟು ಸಡಿಲಿಸಿದ, ಏರಿಸಿದ, ಇಳಿಸಿದ, ಬೇರಿಂಗನ್ನು ಬೆರಳಿನಿಂದ ಗಿರಗಿರ ತಿರುಗಿಸಿದ.

“ಮೇಸ್ತ್ರಿ, ನನಗೂ ಇಂಥದ್ದೇ ಒಂದು ಜೊತೆ ಮಾಡಿಕೊಡಿ.”

ಮಾವ ಡಬ್ಬದ ಮೇಲಿಂದ ಏಳಲು ಬ್ಯಾಲೆನ್ಸು ಹುಡುಕುತ್ತಿದ್ದರು. “ಮಾಡೋಣ. ಆ ಕೊನೇಲಿ ಯಾರು ಕೂರ್ತಾರೆ?”

“ಯಾರು ಅಂದ್ರೆ? ಯಾರೋ ಒಬ್ಬರು.”

“ಯಾರೋ ಒಬ್ಬರು ಅಂದ್ರೆ ಆಗಲ್ಲ. ಯಾರು ಅಂತ ಗೊತ್ತು ಮಾಡ್ಕೊಂಡು, ಅವರನ್ನ ಕರ್ಕೊಂಡು ಬಾ. ಅಳತೆ ತಗೋಬೇಕು.”

“ರೀ, ಮೇಲೆ ಕೆಳಗೆ ಓಡಾಡೋ ಸ್ಟ್ಯಾಂಡಿಗೆ ಅಳತೆ ಯಾಕ್ರೀ?” ಅತ್ತೆ ಬೀದಿ ನೋಡುತ್ತಲೇ ಕೇಳಿದಳು.

“ಸ್ಟ್ಯಾಂಡಿಗಲ್ಲ ಕಣೇ,” ಎಂದರು ಮಾವ. “ಕುರ್ಚಿಗೆ.”